ಮಣ್ಣಿನ ಜೀವಿಗಳನ್ನು ತೋರಿಸಿದ ಆಲಿಕೆ

ಕೈತೋಟದ ಮಣ್ಣಿನ ಹುಳುಗಳೆಲ್ಲ ಶತ್ರುಗಳೇ? ಬೇರು ತಿನ್ನುವ ಗೊಣ್ಣೆಹುಳು ಅಗೆದಾಗ ಕಣ್ಣಿಗೆ ಬೀಳುತ್ತದೆ. ಒಂದೆರಡು ಮಿಲಿಮೀಟರ್ ಉದ್ದದ ಉಪಕಾರಿಗಳು ಸುಲಭವಾಗಿ ಕಾಣುವುದಿಲ್ಲ. ಈ ತೊಡಕನ್ನು 1905ರಲ್ಲಿ ಇಟಲಿಯ ಕೀಟವಿಜ್ಞಾನಿ ಆಂಟೋನಿಯೊ ಬೆರ್ಲೇಸೆ ಆಲಿಕೆಯೊಂದರಿಂದ ನಿವಾರಿಸಿದರು. ಅದರೊಳಗೆ ಜರಡಿಯ ಮೇಲೆ ಮಣ್ಣು ಹರಡಿ, ಸುತ್ತ ಬಿಸಿನೀರಿನ ಶಾಖ ಕೊಟ್ಟರು. ಮಣ್ಣು ಒಣಗಿದಂತೆ ಜೀವಿಗಳು ಕೆಳಗಿಳಿದು ಸೀಸೆಗೆ ಬಿದ್ದವು. 1918ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಟುಲ್‌ಗ್ರೆನ್ ಬಿಸಿನೀರಿನ ಬದಲು ಮೇಲೆ ವಿದ್ಯುತ್ ಬಲ್ಬು ಉರಿಸಿದರು.

ಇಂಥ ಸೀಸೆಯಲ್ಲಿ ಸಿಗುವವುಗಳಲ್ಲಿ ಹೆಚ್ಚಿನವು ಶಿಲೀಂಧ್ರ, ಕೊಳೆತ ಎಲೆ ತಿನ್ನುವ ಸ್ಪ್ರಿಂಗ್‌ಟೇಲ್ ಮತ್ತು ನುಸಿಗಳು. ಅವುಗಳನ್ನು ಬೇಟೆಯಾಡುವ ಪುಟ್ಟ ಜೀರುಂಡೆಗಳೂ ಇರುತ್ತವೆ. ಗೊಣ್ಣೆಹುಳುವಿಗೆಂದು ಸುರಿದ ಕೀಟನಾಶಕ ಇವನ್ನೂ ಕೊಲ್ಲಬಲ್ಲದು. ಜರಡಿ, ಆಲಿಕೆ, ಬಿಸಿಯಾಗುವ ಬಲ್ಬು ಇದ್ದರೆ ಶಾಲೆಯಲ್ಲೂ ಈ ಪ್ರಯೋಗ ಮಾಡಬಹುದು. ಔಷಧಿ ಹಾಕುವ ಮೊದಲು ಮಣ್ಣಿನಲ್ಲಿ ಯಾರಿದ್ದಾರೆಂದು ನೋಡಿ.