ಅಮೆರಿಕದ ಸಣ್ಣ ಪಿಕಪ್ ಟ್ರಕ್: ಏಳಿಗೆ ಮತ್ತು ಅವನತಿ

ಮುಂದೆ ಇಬ್ಬರು ಮೂವರು ಕೂರುವ ಕ್ಯಾಬಿನ್, ಹಿಂದೆ ಅರ್ಧ ಟನ್ನಿನ ಆಸುಪಾಸು ಸರಕು ಹೊರುವ ತೆರೆದ ಬಾಡಿ, ನಾಲ್ಕು ಸಿಲಿಂಡರಿನ ಎಂಜಿನ್ ಇರುವ ಹಗುರ ವಾಹನವೇ ಸಣ್ಣ ಪಿಕಪ್. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1960ರ ದಶಕದಿಂದ ಸುಮಾರು ಐವತ್ತು ವರ್ಷ ತೋಟದ ಕೆಲಸದವರು, ಬಣ್ಣ ಬಳಿಯುವವರು, ನಲ್ಲಿ ರಿಪೇರಿಯವರು, ಸಣ್ಣ ರೈತರು, ಮೊದಲ ಸಲ ಗಾಡಿ ಕೊಳ್ಳುವ ತರುಣರು ಇದನ್ನು ನೆಚ್ಚಿಕೊಂಡಿದ್ದರು. 1983ರ ಫೋರ್ಡ್ ರೇಂಜರಿನ ಚಿಕ್ಕ ಮಾದರಿ ಹದಿನಾಲ್ಕೂವರೆ ಅಡಿಗಿಂತ ಸ್ವಲ್ಪ ಉದ್ದವಿತ್ತು. ಇಂದು ಅಲ್ಲಿ ಕುಟುಂಬಗಳು ಕೊಳ್ಳುವ ನಾಲ್ಕು ಬಾಗಿಲಿನ ಫೋರ್ಡ್ ಎಫ್-150ರ ಉದ್ದ ಹತ್ತೊಂಬತ್ತು ಅಡಿ ದಾಟುತ್ತದೆ. 1980ರ ದಶಕದಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ದೊಡ್ಡ ಕಂಪನಿಯ ಮಳಿಗೆಯಲ್ಲೂ ಒಂದು ಸಣ್ಣ ಪಿಕಪ್ ನಿಂತಿರುತ್ತಿತ್ತು. 2012 ಮುಗಿಯುವ ಹೊತ್ತಿಗೆ ಆ ದೇಶದಲ್ಲಿ ಉಳಿದಿದ್ದು ಮಧ್ಯಮ ಗಾತ್ರಕ್ಕೆ ಬೆಳೆದಿದ್ದ ಟೊಯೊಟಾ ಟಕೋಮಾ, ನಿಸಾನ್ ಫ್ರಾಂಟಿಯರ್‌ನಂಥ ಒಂದೆರಡು ಗಾಡಿಗಳು ಮಾತ್ರ. ಅಮೆರಿಕನ್ನರಿಗೆ ದೊಡ್ಡದೇ ಬೇಕು, ಮಾರುಕಟ್ಟೆ ಅದನ್ನೇ ಕೊಟ್ಟಿತು ಎಂದು ಇದಕ್ಕೆ ಸಾಮಾನ್ಯವಾಗಿ ಕಾರಣ ಹೇಳುತ್ತಾರೆ. ಈ ಉತ್ತರದಲ್ಲಿ ಸತ್ಯಾಂಶ ಇದೆ, ಆದರೆ ಇತಿಹಾಸವನ್ನು ವರ್ಷಗಳ ಕ್ರಮದಲ್ಲಿ ಓದಿದರೆ ಅದು ಸಾಲದು. ಸಣ್ಣ ಪಿಕಪ್ಪನ್ನು ಮೊದಲು ಸೊರಗಿಸಿದ್ದು ತಯಾರಕರ ಲಾಭದ ಲೆಕ್ಕ. ಸೊರಗಿದ ಮೇಲೆ ಅದರ ಜಾಗಕ್ಕೆ ಇನ್ನೊಂದು ಬರದಂತೆ ತಡೆದದ್ದು ಸರ್ಕಾರದ ಎರಡು ನಿಯಮಗಳು.

ಕ್ರಾಸ್ಲಿಯಂಥ ಅಮೆರಿಕನ್ ಕಂಪನಿಗಳು ಎರಡನೆಯ ಮಹಾಯುದ್ಧದ ನಂತರ ಪುಟ್ಟ ಪಿಕಪ್‌ಗಳನ್ನು ಮಾಡಿದ್ದವು, ಆದರೆ ಅವು ಹೆಚ್ಚು ಕಾಲ ಬಾಳಲಿಲ್ಲ. ನಿಜವಾದ ಆರಂಭ 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದ ನಿಸಾನ್ ಕಂಪನಿಯ ಡಾಟ್ಸನ್ ಪಿಕಪ್‌ನಿಂದ. ಅದೇ ಕಾಲದಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ತನ್ನ ಟೈಪ್ 2 ವ್ಯಾನಿನ ಪಿಕಪ್ ರೂಪವನ್ನೂ ಅಲ್ಲಿ ಮಾರುತ್ತಿತ್ತು. ಆ ಮಾರಾಟಕ್ಕೆ ಪೆಟ್ಟು ಬಿದ್ದದ್ದು ಕೋಳಿಮಾಂಸದ ಜಗಳದಿಂದ. ಅಮೆರಿಕದಿಂದ ಅಗ್ಗದ ಕೋಳಿ ಹರಿದು ಬರುವುದನ್ನು ತಡೆಯಲು ಯುರೋಪಿನ ಆರ್ಥಿಕ ಸಮುದಾಯ 1960ರ ದಶಕದ ಆರಂಭದಲ್ಲಿ ಸುಂಕ ಏರಿಸಿತು. ಮಾತುಕತೆ ಫಲಿಸದೆ, ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಪ್ರತಿಸುಂಕ ಘೋಷಿಸಿದರು. ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಹಗುರ ಟ್ರಕ್ಕುಗಳ ಆಮದಿಗೆ 25 ಶೇಕಡಾ ಸುಂಕ ಬಿತ್ತು. ಕಾರುಗಳ ಮೇಲಿನ ಸುಂಕಕ್ಕೆ ಹೋಲಿಸಿದರೆ ಇದು ಹಲವು ಪಟ್ಟು. ಉಳಿದ ಸರಕುಗಳ ಮೇಲಿನ ಆ ಹೊರೆ ಕಾಲಕ್ರಮೇಣ ಇಳಿಯಿತು, ಟ್ರಕ್ಕಿನದು ಮಾತ್ರ ಉಳಿಯಿತು. ಜರ್ಮನಿಗೆ ಗುರಿಯಿಟ್ಟ ಸುಂಕ ಮುಂದಿನ ದಶಕಗಳಲ್ಲಿ ಹೆಚ್ಚಾಗಿ ತಾಗಿದ್ದು ಜಪಾನಿಗೆ.

ಇಲ್ಲೇ ಮೊದಲ ಆಕ್ಷೇಪ ಏಳುತ್ತದೆ. ಸುಂಕವೇ ಕಾರಣವಾಗಿದ್ದರೆ ಸಣ್ಣ ಪಿಕಪ್ 1970 ಮತ್ತು 80ರ ದಶಕಗಳಲ್ಲಿ ಅಷ್ಟು ಚೆನ್ನಾಗಿ ಮಾರಾಟವಾದದ್ದು ಹೇಗೆ? ಆಕ್ಷೇಪ ನ್ಯಾಯವಾದದ್ದು, ಸುಂಕವನ್ನೇ ಏಕೈಕ ಅಪರಾಧಿ ಮಾಡುವ ಬರಹಗಳು ಇದನ್ನು ದಾಟಿಹೋಗುತ್ತವೆ. ಸುಂಕದ ಕಾಯಿದೆಯಲ್ಲೇ ಒಂದು ಸಂದಿ ಇತ್ತು ಎಂಬುದು ಇದಕ್ಕೆ ಉತ್ತರ. ಹಿಂಬದಿಯ ಬಾಡಿ ಇಲ್ಲದೆ ಬರೀ ಕ್ಯಾಬಿನ್ ಮತ್ತು ಛಾಸಿ ಹಡಗಿನಲ್ಲಿ ಬಂದರೆ 4 ಶೇಕಡಾ ಸುಂಕ ಸಾಕಾಗಿತ್ತು. ಬಾಡಿಯನ್ನು ಅಮೆರಿಕದಲ್ಲೇ ಕೂರಿಸಿದರೆ ಪೂರ್ಣ ಪಿಕಪ್ ಸಿದ್ಧ. ಟೊಯೊಟಾ ಲಾಂಗ್ ಬೀಚ್‌ನಲ್ಲಿ ಬಾಡಿ ತಯಾರಿಸುವ ಕಾರ್ಖಾನೆಯನ್ನೇ ನಡೆಸಿತು. ಅಮೆರಿಕನ್ ಕಂಪನಿಗಳೂ ಇದೇ ದಾರಿ ಹಿಡಿದು, ಮಾಜ್ದಾ ಮಾಡಿದ ಗಾಡಿಯನ್ನು ಫೋರ್ಡ್ ಕೊರಿಯರ್ ಎಂದೂ ಇಸುಝು ಮಾಡಿದ್ದನ್ನು ಷೆವ್ರೊಲೆ ಎಲ್‌ಯುವಿ ಎಂದೂ 1972ರಿಂದ ಮಾರಿದವು. 1973 ಮತ್ತು 1979ರ ತೈಲ ಬಿಕ್ಕಟ್ಟುಗಳಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಈ ಗಾಡಿಗಳಿಗೆ ಬೇಡಿಕೆ ಹೆಚ್ಚಿತು. 1980ರಲ್ಲಿ ಕಸ್ಟಮ್ಸ್ ಇಲಾಖೆ ಆ ಸಂದಿಯನ್ನು ಮುಚ್ಚಿ ಛಾಸಿಗೂ 25 ಶೇಕಡಾ ವಿಧಿಸಿತು. ಸುಬಾರು ತನ್ನ ಬ್ರ್ಯಾಟ್ ಗಾಡಿಯ ತೆರೆದ ಬಾಡಿಯಲ್ಲಿ ಎರಡು ಆಸನ ಕೂರಿಸಿ ಅದನ್ನು ಪ್ರಯಾಣಿಕರ ವಾಹನವೆಂದು ದಾಟಿಸುತ್ತಿತ್ತು. ಅಂಥ ಉಪಾಯಕ್ಕೂ ಆಯುಷ್ಯ ಕಡಿಮೆ. ಉಳಿದ ದಾರಿ ಅಮೆರಿಕದ ನೆಲದಲ್ಲೇ ತಯಾರಿಸುವುದು. ನಿಸಾನ್ ಟೆನೆಸ್ಸಿಯ ಸ್ಮರ್ನಾದಲ್ಲಿ ಕಾರ್ಖಾನೆ ಕಟ್ಟಿತು. 1983ರಲ್ಲಿ ಅಲ್ಲಿಂದ ಹೊರಬಂದ ಮೊದಲ ವಾಹನ ಪಿಕಪ್ಪೇ. ಫೋರ್ಡ್ ರೇಂಜರನ್ನೂ ಷೆವ್ರೊಲೆ ಎಸ್-10ನ್ನೂ ಅದೇ ವರ್ಷಗಳಲ್ಲಿ ಸ್ವಂತವಾಗಿ ರೂಪಿಸಿ, ಆಮದು ಗಾಡಿಗಳಿಗೆ ವಿದಾಯ ಹೇಳಿದವು. ಸುಂಕ ಸಣ್ಣ ಪಿಕಪ್ಪನ್ನು ಅಂದೇ ಕೊಲ್ಲಲಿಲ್ಲ ಎಂಬುದು ಖಚಿತ. ಅದು ಮಾಡಿದ್ದು ಬೇರೆ ಕೆಲಸ: ಅಮೆರಿಕದಲ್ಲಿ ಕಾರ್ಖಾನೆ ಕಟ್ಟುವಷ್ಟು ಬಂಡವಾಳ ಇಲ್ಲದವರನ್ನು ಆಟದಿಂದ ಹೊರಗಿಟ್ಟಿತು. 1990ರ ದಶಕದ ನಡುವಿನ ಹೊತ್ತಿಗೆ ಮಾಜ್ದಾ ರೇಂಜರಿಗೆ, ಇಸುಝು ಎಸ್-10ಗೆ ತಮ್ಮ ಹೆಸರು ಅಂಟಿಸಿ ಮಾರುತ್ತಿದ್ದವು. ಮಿತ್ಸುಬಿಷಿ ಅಲ್ಲಿ ಪಿಕಪ್ ಮಾರುವುದನ್ನೇ ಬಿಟ್ಟಿತು. ಸ್ಪರ್ಧಿಗಳ ಸಂಖ್ಯೆ ಹೀಗೆ ಕರಗಿದ್ದರಿಂದ, ಉಳಿದವರು ಸಣ್ಣ ಗಾಡಿಯನ್ನು ಕಡೆಗಣಿಸಿದರೂ ಗಿರಾಕಿಯನ್ನು ಕಸಿದುಕೊಳ್ಳುವವರು ಇರಲಿಲ್ಲ.

ಉಳಿದವರು ಕಡೆಗಣಿಸಿಯೇ ಬಿಟ್ಟರು. 1980ರ ದಶಕದ ಕೊನೆಯಿಂದ ಪೆಟ್ರೋಲ್ ಅಗ್ಗವಾಗಿತ್ತು. ದೊಡ್ಡ ಪಿಕಪ್ಪಿಗೆ ಉಕ್ಕು ಹೆಚ್ಚು ಬೇಕೆಂಬುದು ನಿಜ, ಆದರೆ ತಯಾರಿಕೆಯ ವೆಚ್ಚ ಗಾತ್ರದಷ್ಟು ಏರುವುದಿಲ್ಲ, ಮಾರಾಟದ ಬೆಲೆ ಮಾತ್ರ ಅದಕ್ಕಿಂತ ಬಹಳ ಏರುತ್ತದೆ. ಚರ್ಮದ ಆಸನ, ನಾಲ್ಕು ಬಾಗಿಲು, ಆರು ಜನ ಕೂರುವ ಜಾಗ ಸೇರಿದ ಮೇಲೆ ದೊಡ್ಡ ಪಿಕಪ್ ಕುಟುಂಬದ ಕಾರಿನ ಸ್ಥಾನವನ್ನೂ ತುಂಬಿತು. ತೆರಿಗೆ ಕಾನೂನುಗಳೂ ಅದರ ಪರವಾಗಿದ್ದವು. 1978ರ ಕಾಯಿದೆ ಪೆಟ್ರೋಲ್ ಹೆಚ್ಚು ಕುಡಿಯುವ ಕಾರುಗಳಿಗೆ ದಂಡದ ತೆರಿಗೆ ಹಾಕಿ, ಟ್ರಕ್ಕುಗಳನ್ನು ಬಿಟ್ಟುಬಿಟ್ಟಿತು. ವ್ಯಾಪಾರಕ್ಕೆಂದು ಕೊಂಡ ವಾಹನದ ಖರ್ಚನ್ನು ಮೊದಲ ವರ್ಷವೇ ಆದಾಯದಿಂದ ಕಳೆಯುವ ಉದಾರ ಅವಕಾಶ, ಹೊರೆ ಸಮೇತ 6,000 ಪೌಂಡಿಗಿಂತ, ಅಂದರೆ ಸುಮಾರು 2,700 ಕಿಲೋಗ್ರಾಂಗಿಂತ ಭಾರವಿರುವ ಗಾಡಿಗಳಿಗೆ ಸಿಕ್ಕಿತು. ರೇಂಜರಿನಂಥ ಹಗುರ ಗಾಡಿ ಆ ಗೆರೆಯ ಕೆಳಗೆ ಉಳಿಯಿತು. ರೇಂಜರಿನ ಪಾಡು ಈ ಕಾಲದ ಕಥೆಯನ್ನು ಸ್ಪಷ್ಟವಾಗಿ ಹೇಳುತ್ತದೆ. 1999ರಲ್ಲಿ ಅದು ಸುಮಾರು 3.48 ಲಕ್ಷ ಮಾರಾಟವಾಗಿತ್ತು. ಅಷ್ಟು ಮಾರುವ ಗಾಡಿಗೆ 1998ರ ನಂತರ ಬುಡದಿಂದ ಹೊಸ ವಿನ್ಯಾಸ ಸಿಗಲೇ ಇಲ್ಲ. ಎಫ್-150 ಮಾತ್ರ ಅದೇ ಅವಧಿಯಲ್ಲಿ ಎರಡು ಸಲ ಹೊಸದಾಯಿತು. ಹಳತಾದ ಗಾಡಿ ಕಡಿಮೆ ಮಾರಾಟವಾಗುವುದು ಸಹಜ. ಕಡಿಮೆ ಮಾರಾಟವನ್ನೇ ತೋರಿಸಿ ಗಿರಾಕಿಗೆ ಸಣ್ಣದು ಬೇಡ ಎನ್ನುವುದು ಸರಿಯಾದ ವಾದವಲ್ಲ. ಕೊನೆಯ ವರ್ಷವಾದ 2011ರಲ್ಲೂ ಸುಮಾರು 70 ಸಾವಿರ ಜನ ಆ ಹಳೆಯ ರೇಂಜರನ್ನು ಕೊಂಡರು. ಆ ಡಿಸೆಂಬರಿನಲ್ಲಿ ಮಿನೆಸೋಟಾದ ಸೇಂಟ್ ಪಾಲ್ ಕಾರ್ಖಾನೆ ಬಾಗಿಲು ಹಾಕಿತು.

ಇಂಧನ ಮಿತವ್ಯಯದ ನಿಯಮ ಇಲ್ಲಿಂದ ಮುಂದಿನ ಅಧ್ಯಾಯ, ಮತ್ತು ಹೆಚ್ಚು ಜನ ಗಮನಿಸದ ಅಧ್ಯಾಯ. 1975ರ ಕಾಯಿದೆ ಪ್ರತಿ ಕಂಪನಿಯೂ ಮಾರುವ ವಾಹನಗಳ ಸರಾಸರಿ ಮೈಲೇಜ್ ಇಷ್ಟಿರಬೇಕು ಎಂದು ವಿಧಿಸಿತು. ಟ್ರಕ್ಕುಗಳು ದುಡಿಮೆಯ ಗಾಡಿಗಳೆಂದು ಅವಕ್ಕೆ ಬೇರೆ, ಸಡಿಲ ಗುರಿ ಇಟ್ಟರು: ಕಾರುಗಳಿಗೆ ಗ್ಯಾಲನ್‌ಗೆ 27.5 ಮೈಲಿ ಇದ್ದಾಗ ಟ್ರಕ್ಕುಗಳಿಗೆ 1996ರಿಂದ 2004ರವರೆಗೆ 20.7 ಮೈಲಿ. ಆದರೂ ಆ ಹಳೆಯ ಪದ್ಧತಿಯಲ್ಲಿ ಸಣ್ಣ ಪಿಕಪ್ಪಿಗೆ ಬೆಲೆ ಇತ್ತು. ಎಲ್ಲ ಟ್ರಕ್ಕುಗಳಿಗೂ ಒಂದೇ ಗುರಿ ಇದ್ದುದರಿಂದ, ಒಂದು ರೇಂಜರ್ ಮಾರಿದರೆ ಅದು ಎಫ್-150ರ ಕೊರತೆಯನ್ನು ಸರಾಸರಿಯಲ್ಲಿ ತುಂಬಿಕೊಡುತ್ತಿತ್ತು. ಲಾಭ ಕಡಿಮೆಯಾದರೂ ಅದನ್ನು ಇಟ್ಟುಕೊಳ್ಳಲು ಕಂಪನಿಗೆ ಕಾರಣವಿತ್ತು. 2006ರಲ್ಲಿ ಟ್ರಕ್ಕುಗಳಿಗೆ, 2007ರ ಕಾಯಿದೆಯ ಮೂಲಕ ಎಲ್ಲ ವಾಹನಗಳಿಗೂ ಗುರಿಯನ್ನು ಗಾತ್ರಕ್ಕೆ ಕಟ್ಟಿದರು. ನಾಲ್ಕು ಚಕ್ರಗಳ ನಡುವಿನ ನೆಲದ ವಿಸ್ತೀರ್ಣ ಎಷ್ಟು ಹೆಚ್ಚೋ, ಮುಟ್ಟಬೇಕಾದ ಮೈಲೇಜ್ ಅಷ್ಟು ಕಡಿಮೆ. 2012ರಲ್ಲಿ ಅಂತಿಮಗೊಂಡ ನಿಯಮದಂತೆ 2025ರ ಹೊತ್ತಿಗೆ 43 ಚದರ ಅಡಿಯ ಸಣ್ಣ ಎಸ್‌ಯುವಿ ಗ್ಯಾಲನ್‌ಗೆ ಸುಮಾರು 47 ಮೈಲಿ ಕೊಡಬೇಕಿತ್ತು. 67 ಚದರ ಅಡಿಯ ದೊಡ್ಡ ಪಿಕಪ್ಪಿಗೆ ಸುಮಾರು 33 ಸಾಕಾಗಿತ್ತು. ಹಳೆಯ ರೇಂಜರಿನ ವಿಸ್ತೀರ್ಣ 45 ಚದರ ಅಡಿಯ ಆಸುಪಾಸು. ಚೌಕಾಕಾರದ ಮೈ, ತೆರೆದ ಬಾಡಿ, ಸರಕು ಹೊರುವ ಗಟ್ಟಿ ಛಾಸಿ ಇರುವ ಅಗ್ಗದ ಗಾಡಿಯೊಂದು ಹೈಬ್ರಿಡ್ ಕಾರಿನ ಮೈಲೇಜ್ ಕೊಡಬೇಕು ಎಂದಂತಾಯಿತು. ಅದೇ ಗಾಡಿಯ ಚಕ್ರಗಳನ್ನು ಅಗಲಿಸಿ, ಉದ್ದ ಹೆಚ್ಚಿಸಿದರೆ ನಿಯಮ ತಾನಾಗಿ ಸಡಿಲವಾಗುತ್ತಿತ್ತು. ದೊಡ್ಡ ಗಾಡಿಯ ಕೊರತೆ ತುಂಬಲು ಸಣ್ಣದನ್ನು ಮಾರುವ ಹಳೆಯ ಕಾರಣವೂ ಮಾಯವಾಯಿತು.

ಈ ನಿಯಮ ಮಾಡಿದವರ ಉದ್ದೇಶವನ್ನು ಹಗುರವಾಗಿ ನೋಡಬಾರದು. ಹಿಂದಿನ ವರ್ಷಗಳಲ್ಲಿ ವಾಹನಗಳನ್ನು ಹಗುರ, ಚಿಕ್ಕದು ಮಾಡಿದ್ದರಿಂದ 1993ರ ಒಂದೇ ವರ್ಷ 1,300ರಿಂದ 2,600 ಹೆಚ್ಚುವರಿ ಸಾವು ಸಂಭವಿಸಿರಬಹುದು ಎಂದು 2002ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಅಂದಾಜು ಮಾಡಿತ್ತು. ಗಾತ್ರಕ್ಕೆ ಗುರಿ ಕಟ್ಟಿದರೆ ಕಂಪನಿಗಳು ಗಾಡಿ ಚಿಕ್ಕದು ಮಾಡಿ ತಪ್ಪಿಸಿಕೊಳ್ಳುವುದಿಲ್ಲ ಎಂಬುದು ಆಲೋಚನೆ. ಅವು ದೊಡ್ಡದು ಮಾಡಿ ತಪ್ಪಿಸಿಕೊಳ್ಳಬಹುದು ಎಂಬ ಕಡೆಗೆ ಗಮನ ಸಾಲಲಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕೇಟ್ ವೈಟ್‌ಫುಟ್ ಮತ್ತು ಸ್ಟೀವನ್ ಸ್ಕರ್ಲೋಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಿಯಮ ಗಾತ್ರ ಹೆಚ್ಚಿಸಲು ಪ್ರೇರೇಪಿಸುತ್ತದೆ ಎಂದು ಲೆಕ್ಕ ಸಮೇತ ತೋರಿಸಿತು. ಅವನತಿ 1990ರ ದಶಕದಲ್ಲೇ ಶುರುವಾಗಿದ್ದಾಗ 2006ರ ನಂತರದ ನಿಯಮವನ್ನು ಹೊಣೆ ಮಾಡುವುದು ಹೇಗೆ ಎಂದು ಕೇಳಬಹುದು. ಅವನತಿಯ ಆರಂಭಕ್ಕೆ ಈ ನಿಯಮ ಹೊಣೆಯಲ್ಲ. 2008ರಲ್ಲಿ ಪೆಟ್ರೋಲ್ ಬೆಲೆ ಗ್ಯಾಲನ್‌ಗೆ 4 ಡಾಲರ್ ದಾಟಿದಾಗ, 1970ರ ದಶಕದಂತೆ ಸಣ್ಣ ಪಿಕಪ್ ಮರಳಿ ಬರಬೇಕಾಗಿದ್ದ ಹೊತ್ತಿಗೆ, ಮರಳಿಕೆಗೆ ಅಡ್ಡ ನಿಂತದ್ದು ಅದು. ಹೊರಗಿನಿಂದ ತರಲು ಹೊರಟವರಿಗೆ ಕೋಳಿ ಜಗಳದ ಹಳೆಯ ಸುಂಕ ಅಡ್ಡ ಬಂತು. ಭಾರತದ ಮಹೀಂದ್ರಾ ಕಂಪನಿ ಆ ವರ್ಷಗಳಲ್ಲಿ ತನ್ನ ಡೀಸೆಲ್ ಪಿಕಪ್ಪನ್ನು ಅಮೆರಿಕದಲ್ಲಿ ಮಾರಲು ಸಿದ್ಧತೆ ನಡೆಸಿತ್ತು, ಅದು ಕೈಗೂಡಲಿಲ್ಲ.

ಜನರ ಆಯ್ಕೆಯ ವಾದವನ್ನು ಈಗ ನೇರವಾಗಿ ನೋಡಬಹುದು. ದೊಡ್ಡ ಪಿಕಪ್ಪಿಗೂ ಸಣ್ಣದಕ್ಕೂ ಬೆಲೆಯಲ್ಲಿ, ಮೈಲೇಜಿನಲ್ಲಿ ಇದ್ದ ಅಂತರ 2010ರ ಹೊತ್ತಿಗೆ ಕಿರಿದಾಗಿತ್ತು, ಆದ್ದರಿಂದ ಗಿರಾಕಿ ಸ್ವಲ್ಪ ಹೆಚ್ಚು ಕೊಟ್ಟು ದೊಡ್ಡದನ್ನೇ ಕೊಂಡ ಎನ್ನುತ್ತಾರೆ. ಅಂತರ ಕಿರಿದಾದದ್ದು ಸತ್ಯ, ಆದರೆ ಅದು ಪ್ರಕೃತಿಯ ನಿಯಮದಿಂದ ಆದದ್ದಲ್ಲ; ಹೊಸ ಎಂಜಿನ್, ಹೊಸ ಗೇರ್‌ಬಾಕ್ಸ್, ಸಂಶೋಧನೆಯ ಹಣ ಎಲ್ಲ ದೊಡ್ಡದಕ್ಕೇ ಹರಿದವು. ಅಮೆರಿಕದಲ್ಲಿ ರೇಂಜರ್ ನಿಂತ 2011ರಲ್ಲೇ ಫೋರ್ಡ್ ಆಸ್ಟ್ರೇಲಿಯಾದಲ್ಲಿ ರೂಪಿಸಿದ ಹೊಚ್ಚಹೊಸ ರೇಂಜರನ್ನು ಹೊರತಂದು ಸುಮಾರು 180 ದೇಶಗಳಲ್ಲಿ ಮಾರಿತು. ಅದರ ಅಮೆರಿಕನ್ ರೂಪ ಬಂದದ್ದು 2019ರಲ್ಲಿ. ಪಿಕಪ್ಪುಗಳು ಜಗತ್ತಿನಾದ್ಯಂತ ಬೆಳೆದಿವೆಯಲ್ಲ ಎಂಬ ಆಕ್ಷೇಪಕ್ಕೂ ಬಲವಿದೆ. ಆ ರೇಂಜರ್ ಕೂಡ ಹಳೆಯದಕ್ಕಿಂತ ದೊಡ್ಡದು. 1969ರಲ್ಲಿ ಅಮೆರಿಕಕ್ಕೆ ಪುಟ್ಟ ಗಾಡಿಯಾಗಿ ಹೋದ ಟೊಯೊಟಾ ಹೈಲಕ್ಸಿನ ವಂಶದ ಪಿಕಪ್ 2022ರಿಂದ ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದೆ. ಅದರ ಉದ್ದ ಹದಿನೇಳು ಅಡಿ ದಾಟುತ್ತದೆ. ಡಿಕ್ಕಿ ಸುರಕ್ಷತೆ, ಹಿಂದಿನ ಆಸನ, ಸೌಕರ್ಯ ಇವೆಲ್ಲ ಎಲ್ಲೆಡೆ ಗಾಡಿಯನ್ನು ಹಿಗ್ಗಿಸಿವೆ. ಆದರೆ ಬೇರೆ ದೇಶಗಳಲ್ಲಿ ದೊಡ್ಡದರ ಜೊತೆಗೆ ಸಣ್ಣದೂ ಸಿಗುತ್ತದೆ. ಜಪಾನಿನಲ್ಲಿ 660 ಸಿಸಿ ಎಂಜಿನ್ನಿನ, ಹನ್ನೊಂದು ಅಡಿ ಉದ್ದದ ಕೇ ಟ್ರಕ್ಕುಗಳು ಇಂದಿಗೂ ಹೊಲಗದ್ದೆಗಳಲ್ಲಿ ದುಡಿಯುತ್ತಿವೆ. ಭಾರತದಲ್ಲಿ 2005ರ ಟಾಟಾ ಏಸ್ ಹೊಸದೊಂದು ಮಾರುಕಟ್ಟೆಯನ್ನೇ ತೆರೆಯಿತು. ಇಪ್ಪತ್ತೈದು ವರ್ಷ ಹಳೆಯ ವಾಹನಗಳಿಗೆ ಆಮದು ನಿಯಮ ಸಡಿಲವಿರುವುದರಿಂದ ಅಮೆರಿಕದ ರೈತರು, ಕುಶಲಕರ್ಮಿಗಳು ಜಪಾನಿನ ಹಳೆಯ ಕೇ ಟ್ರಕ್ಕುಗಳನ್ನೇ ತರಿಸಿಕೊಳ್ಳುತ್ತಿದ್ದಾರೆ, ಕೆಲವು ರಾಜ್ಯಗಳು ನೋಂದಣಿ ನಿರಾಕರಿಸಿದರೂ. ಬೇಡವಾದ ವಸ್ತುವಿಗೆ ಯಾರೂ ಇಷ್ಟು ಕಷ್ಟಪಡುವುದಿಲ್ಲ.

ಈ ಬದಲಾವಣೆಯ ಬೆಲೆ ತೆರುತ್ತಿರುವವರು ಗಿರಾಕಿಗಳಷ್ಟೇ ಅಲ್ಲ. ಬಾನೆಟ್ಟಿನ ಮುಂತುದಿ 40 ಇಂಚಿಗಿಂತ ಎತ್ತರವಿರುವ ವಾಹನ ಪಾದಚಾರಿಗೆ ಬಡಿದರೆ, 30 ಇಂಚು ಅಥವಾ ಅದಕ್ಕಿಂತ ತಗ್ಗಿನ, ಇಳಿಜಾರು ಮುಖದ ವಾಹನಕ್ಕಿಂತ ಸಾವಿನ ಸಂಭವ ಸುಮಾರು 45 ಶೇಕಡಾ ಹೆಚ್ಚು ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ವರದಿ ಮಾಡಿತು. 2009ರಲ್ಲಿ ಆ ದೇಶದಲ್ಲಿ ಸುಮಾರು 4,100 ಪಾದಚಾರಿಗಳು ವಾಹನಗಳಿಗೆ ಸಿಕ್ಕಿ ಸತ್ತಿದ್ದರು. 2022ರಲ್ಲಿ ಆ ಸಂಖ್ಯೆ 7,500 ದಾಟಿತು. ಈ ಏರಿಕೆಗೆ ರಸ್ತೆ ವಿನ್ಯಾಸ, ವೇಗ, ಕತ್ತಲೆ, ಮೊಬೈಲ್ ಹೀಗೆ ಹಲವು ಕಾರಣಗಳಿರಬಹುದು. ವಾಹನದ ಎತ್ತರವನ್ನು ಆ ಪಟ್ಟಿಯಿಂದ ಬಿಡುವಂತಿಲ್ಲ.

2021ರಲ್ಲಿ ಫೋರ್ಡ್ ಮೆಕ್ಸಿಕೋದ ಎರ್ಮೊಸಿಯೋದಲ್ಲಿ ತಯಾರಿಸಿದ ಮ್ಯಾವೆರಿಕ್ ಎಂಬ ಹೈಬ್ರಿಡ್ ಪಿಕಪ್ಪನ್ನು 20 ಸಾವಿರ ಡಾಲರಿಗಿಂತ ಕಡಿಮೆ ಆರಂಭಿಕ ಬೆಲೆಗೆ ತಂದಾಗ, ಕೆಲವೇ ತಿಂಗಳಲ್ಲಿ ಆ ವರ್ಷದ ಬುಕಿಂಗ್ ನಿಲ್ಲಿಸಬೇಕಾಯಿತು. 2024ರಲ್ಲಿ ಅದು 1.31 ಲಕ್ಷ ಮಾರಾಟವಾಯಿತು. ಅದು ಮೆಕ್ಸಿಕೋದ್ದಾದ್ದರಿಂದ ಉತ್ತರ ಅಮೆರಿಕದ ವ್ಯಾಪಾರ ಒಪ್ಪಂದದಡಿ ಟ್ರಕ್ಕಿನ ಹಳೆಯ ಸುಂಕದಿಂದ ಪಾರಾಗಿತ್ತು. ಕಾರಿನ ತಳಹದಿಯ ಮೇಲೆ ಕಟ್ಟಿದ ಹೈಬ್ರಿಡ್ ಆದ್ದರಿಂದ ಮೈಲೇಜಿನ ನಿಯಮವನ್ನೂ ದಾಟಿತು. ಎರಡೂ ಅಡ್ಡಿ ತಪ್ಪಿದ ಕಡೆ ಸಣ್ಣ ಪಿಕಪ್ ಬದುಕುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ, ಆ ಮ್ಯಾವೆರಿಕ್ ಕೂಡ ಹದಿನಾರೂವರೆ ಅಡಿ ಉದ್ದವಿದ್ದು ಹಳೆಯ ರೇಂಜರಿಗಿಂತ ದೊಡ್ಡದೇ ಆದರೂ. ಮೈಲೇಜ್ ಗುರಿ ಮುಟ್ಟದ ಕಂಪನಿಗಳಿಗೆ ಇದ್ದ ದಂಡವನ್ನು ಅಮೆರಿಕದ ಸಂಸತ್ತು 2025ರ ಜುಲೈನಲ್ಲಿ ಸೊನ್ನೆಗೆ ಇಳಿಸಿತು. ಕೋಳಿ ಜಗಳದ ಸುಂಕ ಮಾತ್ರ ಹೋಗಿಲ್ಲ. ದಕ್ಷಿಣ ಕೊರಿಯಾದ ಪಿಕಪ್ಪುಗಳಿಗೆ 2021ರಲ್ಲಿ ಮುಗಿಯಬೇಕಿದ್ದ ಆ 25 ಶೇಕಡಾ ಸುಂಕವನ್ನು 2018ರ ಪರಿಷ್ಕೃತ ಒಪ್ಪಂದ 2041ರವರೆಗೆ ವಿಸ್ತರಿಸಿದೆ.