ತಿರುಗಾಟದ ಮನೆ: ಮೇಳದ ಪೆಟ್ಟಿಗೆಯಿಂದ ಮೋಟಾರು ಗಾಡಿಯವರೆಗೆ

ಮನೆ ಎಂದರೆ ಕಟ್ಟಿದ ಜಾಗದಲ್ಲೇ ಇರುವಂಥದ್ದು ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಮಲಗುವ ಮಂಚ, ಅಡುಗೆಯ ಒಲೆ, ನೀರಿನ ತೊಟ್ಟಿ, ಶೌಚಾಲಯ ಇಷ್ಟನ್ನೂ ಹೊತ್ತುಕೊಂಡು ಊರಿಂದೂರಿಗೆ ಓಡುವ ಮನೆಗಳೂ ಇವೆ. ಮೋಟಾರ್‌ಹೋಮ್, ಕ್ಯಾಂಪರ್ ವ್ಯಾನ್, ಕ್ಯಾರವಾನ್ ಎಂದು ಅದಕ್ಕೆ ಹಲವು ಹೆಸರು. ಮೊಬೈಲಿನಲ್ಲಿ ಇಂಥ ಗಾಡಿಗಳನ್ನು ನೋಡಿದ ಕಾಲೇಜು ವಿದ್ಯಾರ್ಥಿಗಳು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಸಾರ್, ಹಳೇ ವ್ಯಾನ್ ಒಂದನ್ನು ತೆಗೆದುಕೊಂಡು ನಾವೇ ಮಾಡಿಕೊಳ್ಳಬಹುದಲ್ಲ?” ಉತ್ತರ ಹೇಳುವ ಮೊದಲು ಈ ಚಲಿಸುವ ಮನೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ. ಅದನ್ನು ನೋಡಲು ಬೆಳ್ತಂಗಡಿಗೆ ಅಂಟಿಕೊಂಡಿರುವ ಲಾಯಿಲಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಕಾರಣ ಇಷ್ಟೆ. ಮಂಗಳೂರಿನಿಂದ ಬಂಟ್ವಾಳ, ಗುರುವಾಯನಕೆರೆ, ಬೆಳ್ತಂಗಡಿಯ ಮೇಲೆ ಬಂದ ರಸ್ತೆ ಇಲ್ಲಿಂದ ಉಜಿರೆ, ಮುಂಡಾಜೆ ದಾಟಿ ಚಾರ್ಮಾಡಿ ಘಾಟಿ ಹತ್ತುತ್ತದೆ. ಕರಾವಳಿಯಿಂದ ಮಲೆನಾಡಿಗೆ ಹೋಗುವವರು ಯಾವ ಕಾಲದಲ್ಲೂ ಸಾಮಾನು ಕಟ್ಟಿಕೊಂಡು ಸಾಗಿದ ದಾರಿಗಳಲ್ಲಿ ಇದೂ ಒಂದು. ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ, ಅಂದರೆ ನಮ್ಮ ಗಡಾಯಿಕಲ್ಲು, ಕೆಲವೇ ಕಿಲೋಮೀಟರ್ ದೂರ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ, ಕಂಪೆನಿ ಸರ್ಕಾರದ ಸಮೀಕ್ಷೆಗಾಗಿ ಡೇರೆ ಹೊಡೆಯುತ್ತ ಕೀಳುತ್ತ ಈ ಸೀಮೆಯನ್ನು ಹಾದುಹೋದ. ಊರಿನ ಹೆಸರು ಕೇಳಿದಾಗೆಲ್ಲ ನನಗೆ ಕುದುರೆ ಲಾಯ ನೆನಪಾಗುತ್ತದೆ. ಅದು ಕಿವಿಯ ಚಪಲವಷ್ಟೆ, ಚರಿತ್ರೆಯಲ್ಲ.

ಬುಕಾನನ್‌ಗಿಂತ ಮೊದಲೇ, ಪೂರ್ತಿ ಸಂಸಾರವನ್ನೇ ಎತ್ತಿನ ಬೆನ್ನ ಮೇಲೆ ಹೇರಿಕೊಂಡು ದಖನ್ನಿನಲ್ಲೆಲ್ಲ ತಿರುಗಿದವರು ಲಂಬಾಣಿಗರು. ಉಪ್ಪು, ದವಸ ಸಾಗಿಸುವ ಹೇರೆತ್ತುಗಳ ಹಿಂಡು, ಜೊತೆಯಲ್ಲಿ ಹೆಂಡಿರು ಮಕ್ಕಳು, ನಾಯಿಗಳು. ಎಲ್ಲಿ ಇಳಿದರೋ ಅಲ್ಲೇ ತಾಂಡಾ. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿಹೋದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಮುಟ್ಟಿಸಿದವರು ಇವರೇ. ಚಕ್ರವಿಲ್ಲದ ಆ ಮನೆಗೆ ಇದ್ದ ನಿಯಮ ಒಂದೇ: ಎತ್ತು ಹೊರಲಾರದ್ದು ಮನೆಯಲ್ಲಿ ಇರಕೂಡದು.

ತುಳುನಾಡಿನಲ್ಲಿ ಇದೇ ನಿಯಮವನ್ನು ಪಾಲಿಸಿದವರು ಯಕ್ಷಗಾನ ಮೇಳದವರು. ಮೇಳ ಊರೂರು ಸುತ್ತುವುದಕ್ಕೆ ನಮ್ಮಲ್ಲಿ ‘ತಿರುಗಾಟ’ ಎಂಬ ಚೆಂದದ ಪದವಿದೆ. ದೀಪಾವಳಿ ಕಳೆದ ಮೇಲೆ ಹೊರಡುವ ಮೇಳ, ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಗೆಜ್ಜೆ ಬಿಚ್ಚುತ್ತದೆ. ಆರು ತಿಂಗಳು ಕಲಾವಿದರಿಗೆ ಮನೆ ಎಂದರೆ ಚೌಕಿಯೇ. ಮೋಟಾರು ಬರುವ ಮೊದಲು ವೇಷದ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ ಹೋಗುತ್ತಿದ್ದವು, ಕಲಾವಿದರು ಹಿಂದೆ ನಡೆಯುತ್ತಿದ್ದರು. ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ಹಗುರವಾದ ಮರದಲ್ಲಿ ಕೆತ್ತಿ ಬೇಗಡೆ ಹಚ್ಚುವ ಕಲೆ ಬೆಳೆದದ್ದು ಕುಣಿಯುವವನ ಅನುಕೂಲಕ್ಕೆ ಎಂದು ನಾವು ಹೇಳುತ್ತೇವೆ. ಹೊರುವವನಿಗೂ ಅದರಿಂದ ಅನುಕೂಲವಾಯಿತು ಎನ್ನುವುದನ್ನು ಮರೆಯುತ್ತೇವೆ. ಇಪ್ಪತ್ತನೆಯ ಶತಮಾನದ ನಡುವೆ ಟೆಂಟ್ ಮೇಳಗಳು ಬಂದಾಗ ಡೇರೆ, ಕುರ್ಚಿ, ಜನರೇಟರು ಎಲ್ಲ ಲಾರಿ ಹತ್ತಿದವು. ಕಲಾವಿದರಿಗೆ ಬಸ್ಸು ಬಂತು. ರಾತ್ರಿಯಿಡೀ ಆಟ, ಬೆಳಗಾಗುತ್ತಲೇ ಎಲ್ಲವನ್ನೂ ಬಿಚ್ಚಿ, ಕಟ್ಟಿ, ಸಂಜೆಯೊಳಗೆ ಇನ್ನೊಂದು ಊರಿನಲ್ಲಿ ಮತ್ತೆ ನಿಲ್ಲಿಸುವ ಆ ಶಿಸ್ತನ್ನು ಒಮ್ಮೆ ನೋಡಬೇಕು. ಹೊರಾಂಗಣ ಚಿತ್ರೀಕರಣದ ವ್ಯಾನು ಕಟ್ಟಿಕೊಂಡು ತಿರುಗುವ ನಮ್ಮಂಥವರಿಗೆ ಅದರಿಂದ ಕಲಿಯುವುದು ಬಹಳವಿದೆ.

ಇನ್ನು ಹೊರದೇಶದ ಕಡೆ. ಸುಖಕ್ಕಾಗಿಯೇ ಕಟ್ಟಿಸಿದ ಚಲಿಸುವ ಮನೆಗಳ ಕಥೆಯನ್ನು ಸಾಮಾನ್ಯವಾಗಿ 1885ರಿಂದ ಹೇಳುತ್ತಾರೆ. ಬ್ರಿಟಿಷ್ ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್, ಬ್ರಿಸ್ಟಲ್ಲಿನ ಗಾಡಿ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಮರದ ಮನೆಗಾಡಿಯನ್ನು ಮಾಡಿಸಿದ. ತೂಕ ಸುಮಾರು ಎರಡು ಟನ್, ಎಳೆಯಲು ಎರಡು ಕುದುರೆ. ಇಂಗ್ಲೆಂಡಿನ ದಕ್ಷಿಣದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಸುಮಾರು 1,300 ಮೈಲಿ ಹೋದ. ಅವನ ಸೇವಕ ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಹೋಗಿ, ಹಿಂದೆ ದೊಡ್ಡ ಗಾಡಿ ಬರುತ್ತಿದೆ ಎಂದು ದಾರಿಹೋಕರನ್ನು ಎಚ್ಚರಿಸುತ್ತಿದ್ದ. ಆಮೇಲೆ ಕುದುರೆಯ ಬದಲು ಎಂಜಿನ್ ಬಂತು. 1910ರಲ್ಲಿ ಅಮೆರಿಕದ ಪಿಯರ್ಸ್-ಆರೋ ಕಂಪೆನಿ ಮಲಗುವ, ಕೈತೊಳೆಯುವ ವ್ಯವಸ್ಥೆಯುಳ್ಳ ಕಾರನ್ನು ಪ್ರದರ್ಶಿಸಿತು. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಕಾರ್ಖಾನೆ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಇಡುವ ಮಡಚು ಮಂಚ, ಬೀರುಗಳ ಪೆಟ್ಟಿಗೆಯನ್ನು ಮಾಡಿತು. ನನಗೆ ಎಲ್ಲಕ್ಕಿಂತ ಬುದ್ಧಿವಂತಿಕೆಯದ್ದು ಎನಿಸುವುದು ಈ ಕೊನೆಯದೇ. ಬೇಕಾದಾಗ ಮನೆ, ಬೇಡದಾಗ ವ್ಯಾನು.

ನಮ್ಮ ಜಿಲ್ಲೆಗೂ ಮೋಟಾರಿನ ಹಳೆಯ ಪರಿಚಯವಿದೆ. ಸಿ.ಪಿ.ಸಿ. ಎಂದು ಜನ ಕರೆಯುತ್ತಿದ್ದ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ ಮಂಗಳೂರಿನಲ್ಲಿ 1914ರಲ್ಲೇ ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದಾದಾಗ ದೇಶದ ಅನೇಕ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು; ಬೆನ್ನಿಗೆ ಉದ್ದನೆಯ ಒಲೆ ಕಟ್ಟಿಕೊಂಡ ಬಸ್ಸನ್ನು ಬೆಳಿಗ್ಗೆ ಊದಿ ಎಬ್ಬಿಸಬೇಕಿತ್ತು. ಇಂದು ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಯ ಗ್ಯಾರೇಜುಗಳಲ್ಲಿ ಕಾಣುವ ಕೈಚಳಕ ಒಂದು ದಿನದಲ್ಲಿ ಬಂದದ್ದಲ್ಲ.

ಈಗ ವಿದ್ಯಾರ್ಥಿಗಳ ಪ್ರಶ್ನೆಗೆ ಬರೋಣ. ಹಳೇ ವ್ಯಾನನ್ನು ನಾವೇ ಮನೆ ಮಾಡಿಕೊಳ್ಳಬಹುದೆ? ಗ್ಯಾರೇಜಿನವರು ಆಗುತ್ತದೆ ಎನ್ನಬಹುದು. ಕಾನೂನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಮೂಲತಃ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಒತ್ತಿ ಹೇಳಿತು. 2021ರ ಆಗಸ್ಟಿನಲ್ಲಿ ಕೇರಳದ ಕಣ್ಣೂರಿನಲ್ಲಿ ಇಬ್ಬರು ಯುವಕರ ಪ್ರವಾಸದ ವ್ಯಾನು ಇಂಥ ಬದಲಾವಣೆಗಳಿಗಾಗಿ ಜಪ್ತಿಯಾದದ್ದು ದೊಡ್ಡ ಸುದ್ದಿಯಾಯಿತು. ಸ್ವಾರಸ್ಯವೆಂದರೆ ಮರುತಿಂಗಳೇ ಕೇರಳ ಸರ್ಕಾರ ತನ್ನ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು! ಇದರಲ್ಲಿ ವಿರೋಧವೇನೂ ಇಲ್ಲ. ಮೋಟಾರ್ ಕ್ಯಾರವಾನ್ ಎಂಬುದಕ್ಕೆ ನಮ್ಮ ದೇಶದಲ್ಲಿ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಅದರಂತೆ ಪ್ರಮಾಣಿತವಾದ ಗಾಡಿ ಬೇರೆ, ಅಣ್ಣತಮ್ಮಂದಿರು ಹಿತ್ತಿಲಲ್ಲಿ ಕೊರೆದು ಬೆಸೆದದ್ದು ಬೇರೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಪರದೆ, ದೀಪಗಳನ್ನಲ್ಲ, ನೋಂದಣಿ ಪತ್ರದಲ್ಲಿ ಗಾಡಿಯ ಬಗೆ ಏನೆಂದು ಬರೆದಿದೆ ಎಂಬುದನ್ನು. ಇದನ್ನು ನೋಡದೆ ಅಪ್ಪ ಅಮ್ಮನ ಉಳಿತಾಯವನ್ನು ಮುಂಗಡ ಕೊಟ್ಟರೆ, ಮೊದಲ ತಪಾಸಣೆಯಲ್ಲೇ ಗಾಡಿ ನಿಲ್ಲುತ್ತದೆ.

ಎರಡನೆಯದು ತೂಕ. ಎತ್ತಿನ ನಿಯಮ ಎಂಜಿನ್ನಿಗೂ ಉಂಟು. ನೂರು ಲೀಟರು ನೀರೆಂದರೆ ನೂರು ಕಿಲೋ. ದೊಡ್ಡ ಸೀಸ-ಆಮ್ಲ ಬ್ಯಾಟರಿಗಳು ಎರಡಾದರೆ ಹತ್ತಿರಹತ್ತಿರ ಇನ್ನೊಂದು ನೂರು. ನಾಲ್ವರು ದೊಡ್ಡವರು 260, ಚಾವಣಿಯ ಹವಾನಿಯಂತ್ರಕ 40. ಮಂಚ, ಬೀರು, ಪಾತ್ರೆ, ಬಟ್ಟೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ, ಆಗಲೇ ಅರ್ಧ ಟನ್. ಗಾಡಿಯನ್ನು ತುಂಬಿಸಿಕೊಂಡು ಹತ್ತಿರದ ವೇ ಬ್ರಿಡ್ಜ್‌ಗೆ ಒಯ್ದು ತೂಗಿಸಿ. ಚೀಟಿಯಲ್ಲಿ ಬಂದ ಅಂಕಿ ನೋಂದಣಿ ಪತ್ರದ ಒಟ್ಟು ತೂಕವನ್ನು ಮೀರಿದರೆ ಆ ಗಾಡಿ ಬೇಡ.

ಏಕೆ ಇಷ್ಟು ನಿಷ್ಠುರ ಎಂದರೆ, ಚಾರ್ಮಾಡಿ ಇದೆಯಲ್ಲ. ಭೌತಶಾಸ್ತ್ರದ ಪಾಠದಲ್ಲಿ ಓದಿದ ಸ್ಥಾನಶಕ್ತಿಯನ್ನು ನೆನಪಿಸಿಕೊಳ್ಳಿ. 3,500 ಕಿಲೋ ತೂಕದ ಮನೆಗಾಡಿ ಘಾಟಿಯಲ್ಲಿ 500 ಮೀಟರು ಎತ್ತರ ಇಳಿಯಿತೆನ್ನಿ. ರಾಶಿ, ಗುರುತ್ವ, ಎತ್ತರ ಗುಣಿಸಿದರೆ ಸುಮಾರು 1 ಕೋಟಿ 71 ಲಕ್ಷ ಜೌಲ್. 30 ಡಿಗ್ರಿಯ 58 ಲೀಟರು ನೀರನ್ನು ಕುದಿಯುವ ಬಿಂದುವಿಗೆ ತರಲು ಇಷ್ಟು ಶಾಖ ಸಾಕು. ಒಂದು ದೊಡ್ಡ ಹಂಡೆ! ಎಲ್ಲವನ್ನೂ ಬ್ರೇಕಿನಿಂದಲೇ ತಡೆದು ಇಪ್ಪತ್ತು ನಿಮಿಷದಲ್ಲಿ ಇಳಿದರೆ, ಒಂದು ಕಿಲೋವ್ಯಾಟಿನ ಹದಿನಾಲ್ಕು ಹೀಟರುಗಳನ್ನು ಚಕ್ರಗಳಿಗೆ ಕಟ್ಟಿದ ಹಾಗೆ. ಬ್ರೇಕ್ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಅದರ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದು ಕೊಳವೆಯೊಳಗೆ ಆವಿಯ ಗುಳ್ಳೆ ಸೇರಿತೆಂದರೆ ಪೆಡಲು ಒತ್ತಿದಲ್ಲಿ ಮೆತ್ತಗೆ ಕೆಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ವರ್ಷದ ನಾಲ್ಕು ತಿಂಗಳು ಗಾಳಿಯೇ ಒದ್ದೆಯಾಗಿರುವ ನಮ್ಮ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಬೇಕು. ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಬಸ್ ಚಾಲಕರು ಹೇಳುವ ಮಾತಿನ ಹಿಂದಿನ ವಿಜ್ಞಾನ ಇದೇ. ಆಗ ಎಂಜಿನ್ನೇ ಆ ಹೀಟರುಗಳ ಬಹುಪಾಲು ಕೆಲಸವನ್ನು ತನ್ನ ಮೈಮೇಲೆ ಹಾಕಿಕೊಳ್ಳುತ್ತದೆ. 2019ರ ಆಗಸ್ಟಿನ ಮಳೆಗೆ ಈ ಘಾಟಿ ಹಲವೆಡೆ ಕುಸಿದು ರಸ್ತೆ ಮುಚ್ಚಿತು, ತೆರೆದ ಮೇಲೂ ಭಾರಿ ವಾಹನಗಳಿಗೆ ನಿರ್ಬಂಧ ಬಂತು. ಬಸ್ಸಿನಷ್ಟು ದೊಡ್ಡ ಮನೆ ಕಟ್ಟಿಸಿಕೊಂಡವರು ಇಂಥ ದಿನಗಳಲ್ಲಿ ಘಟ್ಟದ ಬುಡದಲ್ಲೇ ಉಳಿಯಬೇಕಾಗುತ್ತದೆ.

ಮೂರನೆಯದು ಮಳೆ. ಚಾವಣಿಯಲ್ಲಿ ಕಿಟಕಿಗೆ, ಫ್ಯಾನಿಗೆ, ಸೌರಫಲಕಕ್ಕೆ ಎಂದು ಕೊರೆದ ಒಂದೊಂದು ತೂತೂ ನೀರಿಗೆ ಬಾಗಿಲು. ಹಳೆಯ ಮನೆಗಾಡಿ ಕೊಳ್ಳುವವರು ಬೇಸಿಗೆಯಲ್ಲಿ ಹೋಗಿ ಮೋಸಹೋಗುತ್ತಾರೆ. ಜುಲೈಯಲ್ಲಿ, ಜಡಿಮಳೆ ಹಿಡಿದ ಮಾರನೆಯ ದಿನ ಹೋಗಿ. ಮೂಲೆಗಳನ್ನು, ಕಿಟಕಿಯ ಕೆಳಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಪ್ಲೈವುಡ್ಡು ಮೆತ್ತಗಾಗಿದ್ದರೆ, ಬೂಷ್ಟಿನ ವಾಸನೆಯಿದ್ದರೆ, ಹೊಸ ಬಣ್ಣ ಎಷ್ಟು ಹೊಳೆದರೂ ಕೈಮುಗಿದು ಹೊರಟುಬನ್ನಿ. ಟಯರಿನ ಅಂಚಿನಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹೆಚ್ಚು ಓಡದೆ ನಿಂತೇ ಇರುವ ಇಂಥ ಗಾಡಿಗಳಲ್ಲಿ ಟಯರು ಸವೆಯುವ ಮೊದಲೇ ಮುದಿಯಾಗುತ್ತದೆ.

ಕೆಟ್ಟಾಗ ಏನು ಮಾಡುವುದು? ಮನೆಗಾಡಿಯ ತೊಂದರೆಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ವಿದ್ಯುತ್ತಿನದು. ನಮ್ಮ ಚಿತ್ರೀಕರಣದ ವ್ಯಾನೊಂದು ಒಮ್ಮೆ ಕರಾವಳಿಯ ಹಳ್ಳಿಯೊಂದರಲ್ಲಿ ಕತ್ತಲೆಯಾಗಿ ಕುಳಿತಿತು. ಬ್ಯಾಟರಿ ಸತ್ತಿದೆ ಎಂದು ಒಬ್ಬರು, ಇನ್ವರ್ಟರು ಸುಟ್ಟಿದೆ ಎಂದು ಇನ್ನೊಬ್ಬರು. ಚಾಲಕರು ಯಾರ ಮಾತಿಗೂ ಕಿವಿಗೊಡದೆ ಗಾಡಿಯ ಅಡಿಗೆ ನುಸುಳಿ, ಚಾಸಿಗೆ ಬಿಗಿದ ಅರ್ಥಿಂಗ್ ಬೋಲ್ಟಿನ ತುಕ್ಕನ್ನು ಕೆರೆದು ಮತ್ತೆ ಬಿಗಿದರು, ದೀಪ ಬಂತು. ಅವರ ಕ್ರಮವೇ ಸರಿಯಾದ ಕ್ರಮ. ಮೊದಲು ಮೀಟರಿನಿಂದ ಬ್ಯಾಟರಿ ಅಳೆಯಿರಿ. ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವ ಸೀಸದ ಬ್ಯಾಟರಿ 12.6 ವೋಲ್ಟಿನ ಮೇಲೆ ತೋರಬೇಕು. ಅದು ಸರಿಯಿದ್ದರೆ ಫ್ಯೂಸು, ಫ್ಯೂಸು ಸರಿಯಿದ್ದರೆ ಅರ್ಥಿಂಗ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ದೀಪ ಬಂದೀತು, ದೋಷ ಎಲ್ಲಿತ್ತೆಂಬುದು ತಿಳಿಯುವುದಿಲ್ಲ. ಗಾಡಿ ಎಬ್ಬಿಸುವ ಬ್ಯಾಟರಿಯೇ ಬೇರೆ, ಮನೆಯ ದೀಪ ಫ್ಯಾನುಗಳ ಬ್ಯಾಟರಿಯೇ ಬೇರೆ ಇರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ಸಿಲಿಂಡರಿನ ಗೂಡಿನ ತಳದಲ್ಲಿ ಹೊರಕ್ಕೆ ತೂತಿರಲೇಬೇಕು, ಅದನ್ನು ಜಿರಳೆಯ ಭಯಕ್ಕೆ ಮುಚ್ಚಬೇಡಿ.

ನಿರ್ವಹಣೆಗೆ ಬೇರೆ ಪಂಚಾಂಗ ಬೇಡ, ಮೇಳದ್ದೇ ಸಾಕು. ಪತ್ತನಾಜೆಗೆ ಮೇಳ ಒಳಸೇರಿದಾಗ ಮನೆಗಾಡಿಯೂ ಒಳಸೇರಲಿ. ನೀರಿನ ತೊಟ್ಟಿಯನ್ನು ಬರಿದು ಮಾಡಿ ಒಣಗಿಸಿ, ಚಾವಣಿಯ ಅಂಟುಗಳನ್ನು ನೋಡಿ, ಸಿಲಿಂಡರನ್ನು ಹೊರಗಿಟ್ಟು, ಬ್ಯಾಟರಿಯ ತಂತಿ ಬಿಚ್ಚಿ ತಿಂಗಳಿಗೊಮ್ಮೆ ತುಂಬಿಸಿ. ತಗಡಿನ ಮಾಡಿನಡಿ ನಿಲ್ಲಿಸುವಾಗ ಬಾಗಿಲು ಸ್ವಲ್ಪ ಗಾಳಿಯಾಡುವಂತಿರಲಿ. ತೋಟದ ಮನೆಯಾದರೆ ಇಲಿಯ ಕಾಟ ಹೆಚ್ಚು. ವೈರುಗಳನ್ನು ಕಬ್ಬಿಣದ ಕೊಳವೆಯೊಳಗೆ ಹಾಯಿಸುವುದು ಒಳ್ಳೆಯದು. ದೀಪಾವಳಿಗೆ ಮೊದಲು ಎಂಜಿನ್ ಎಬ್ಬಿಸುವ ದಿನ, ಬಾನೆಟ್ಟಿನೊಳಗೆ ಅಡಿಕೆ ಸಿಪ್ಪೆಯ ಗೂಡು ಇದೆಯೇ ಎಂದು ಮೊದಲು ಇಣುಕಿ ನೋಡಿ.