ಹೆಸರಳಿದ ರಾಣಿಯರು

ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿಯು 1805ರ ಸುಮಾರಿಗೆ ಮೂವರು ಸ್ತ್ರೀಯರ ತೈಲಚಿತ್ರವೊಂದನ್ನು ಬರೆದನು. ಕಾಲಾಂತರದಲ್ಲಿ ಅವರ ಹೆಸರುಗಳು ಅಳಿದುಹೋದವು; ನೋಡಿದವರು ಅವರನ್ನು ನರ್ತಕಿಯರೆಂದೇ ಬಗೆದರು. 2007ರಲ್ಲಿ ಹರಾಜಿಗೆ ಬಂದ ಈ ಚಿತ್ರವನ್ನು ಇತಿಹಾಸಜ್ಞ ನೈಜೆಲ್ ಚಾನ್ಸಲರರು ಪರಿಶೀಲಿಸಿ, ಅವರು ಮೈಸೂರು ಅರಮನೆಯವರೆಂದೂ, ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಜಮ್ಮಣ್ಣಿಯೆಂದೂ ವಾದಿಸಿದ್ದಾರೆ.

ರಾಣಿಯ ಎಡತೋಳಿನ ಸೆರಗು ಸರಿದಿದೆ. ಅದು ಮೈಲಿಬೇನೆಗೆ ಲಸಿಕೆ ಹಾಕಿಸಿಕೊಂಡ ಸ್ಥಳವನ್ನು ತೋರಲೆಂದೇ ಎಂಬುದು ಅವರ ಮತ. ಜೆನ್ನರನು 1796ರಲ್ಲಿ ಪ್ರಯೋಗಿಸಿದ ಲಸಿಕೆಗೆ ಜನರು ಅಂಜುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ಧೈರ್ಯದಿಂದ ತೋಳು ನೀಡಿದವಳೇ ಹೆಸರಿಲ್ಲದವಳಾದಳು.

ಅರಮನೆಯ ರಾಣಿಗೇ ಈ ಗತಿಯಾದರೆ, ಬಿಳೂರಿನ ನಮ್ಮ ಮನೆಗಳ ಗೋಡೆಯ ಮೇಲಿನ ಅಜ್ಜಿಯರ ಪಾಡೇನು? ಬಲ್ಲ ಹಿರಿಯರಿರುವಾಗಲೇ ಪ್ರತಿಯೊಂದು ಪಟದ ಹಿಂದೆ ಹೆಸರು, ಊರು, ಇಸವಿಗಳನ್ನು ಕನ್ನಡದಲ್ಲಿ ಬರೆದಿಡೋಣ.